ಬಾಹ್ಯಾಕಾಶ ಬೇಕು, ಅಲ್ಲಿ ಮನುಷ್ಯ ಯಾಕೆ?

2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಚಿವ ಸಂಪುಟ ಬಾಹ್ಯಾಕಾಶಕ್ಕೆ ಸಂಬಂಧಿಸಿದ ನಾಲ್ಕು ಕಡತಗಳಿಗೆ ಒಂದೇ ದಿನ ಒಪ್ಪಿಗೆ ಕೊಟ್ಟಿತು. ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ 2,104 ಕೋಟಿ ರೂಪಾಯಿ. ಶುಕ್ರನತ್ತ ನೌಕೆ ಕಳಿಸಲು 1,236 ಕೋಟಿ. ಹೊಸ ತಲೆಮಾರಿನ ರಾಕೆಟ್‌ಗೆ 8,240 ಕೋಟಿ. ಗಗನಯಾನಕ್ಕೆ ಹೆಚ್ಚುವರಿಯಾಗಿ 11,170 ಕೋಟಿ. ಅಲ್ಲಿಗೆ ಗಗನಯಾನದ ಒಟ್ಟು ಮೊತ್ತ 20,193 ಕೋಟಿಗೆ ಏರಿತು. ಚಂದ್ರ, ಶುಕ್ರ ಎರಡೂ ಸೇರಿ 3,340 ಕೋಟಿಯಲ್ಲಿ ಮುಗಿಯುತ್ತವೆ. ಮನುಷ್ಯರನ್ನು 400 ಕಿಲೊಮೀಟರ್ ಮೇಲಕ್ಕೆ, ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿಗಿರುವಷ್ಟು ದೂರಕ್ಕೆ ಒಯ್ದು ಇಳಿಸುವುದಕ್ಕೆ ಮತ್ತು ಮುಂದೊಂದು ನಿಲ್ದಾಣದ ಮೊದಲ ಘಟಕವನ್ನು ಹಾರಿಸುವುದಕ್ಕೆ ಅದರ ಆರು ಪಟ್ಟು!

ಈ ಲೆಕ್ಕ ಎತ್ತಿದ ಕೂಡಲೇ ಚರ್ಚೆ ಹಳೆಯ ಜಾಡಿಗೆ ಬೀಳುತ್ತದೆ. ಹಸಿದವರಿರುವ ದೇಶಕ್ಕೆ ರಾಕೆಟ್ ಯಾಕೆ ಎಂದು ಒಂದು ಪಕ್ಷ ಕೇಳುತ್ತದೆ. ಇಸ್ರೊವನ್ನು ಪ್ರಶ್ನಿಸುವುದು ದೇಶವನ್ನು ಹೀಗಳೆದಂತೆ ಎಂದು ಇನ್ನೊಂದು ಪಕ್ಷ ಗದರುತ್ತದೆ. ಎರಡರಲ್ಲೂ ಹುರುಳಿಲ್ಲ. 2025-26ರ ಕೇಂದ್ರ ಬಜೆಟ್ 50.65 ಲಕ್ಷ ಕೋಟಿಯದು. ಬಾಹ್ಯಾಕಾಶ ಇಲಾಖೆಯ ಪಾಲು 13,416 ಕೋಟಿ. ನೂರು ರೂಪಾಯಿಗೆ ಸುಮಾರು 26 ಪೈಸೆ. ಇಸ್ರೊಗೆ ಬೀಗ ಹಾಕಿದರೆ ಬಡತನ ನೀಗುವುದಿಲ್ಲ. ಗಗನಯಾತ್ರಿಯ ಎದುರಾಳಿ ಬಿಸಿಯೂಟದ ತಟ್ಟೆಯಲ್ಲ, ಅದೇ 26 ಪೈಸೆಯಲ್ಲಿ ಬದುಕಬೇಕಾದ ಉಪಗ್ರಹ. ಜಗಳ ನಡೆಯಬೇಕಾದದ್ದು ಈ ಎರಡರ ನಡುವೆ.

ವಿಜ್ಞಾನಕ್ಕಾಗಿ ಮನುಷ್ಯ ಹೋಗಲೇಬೇಕು ಎಂಬ ವಾದವನ್ನೇ ಮೊದಲು ನೋಡೋಣ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಆಕ್ಸಿಯಂ-4ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಆ ಪ್ರಯಾಣಕ್ಕೆ ಭಾರತ ಕೊಟ್ಟದ್ದು ಸುಮಾರು 550 ಕೋಟಿ ರೂಪಾಯಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು ರೂಪಿಸಿದ ಒಂದು ಪ್ರಯೋಗವೂ ಜೊತೆಗೆ ಹೋಗಿತ್ತು. ಶುಕ್ಲಾ ಹೆಸರುಕಾಳು, ಮೆಂತ್ಯಗಳನ್ನು ಬಟ್ಟಲಲ್ಲಿ ಮೊಳಕೆ ಬರಿಸಿ, ಚಿತ್ರ ತೆಗೆದು, ಶೀತಪೆಟ್ಟಿಗೆಯಲ್ಲಿಟ್ಟರು. ಪ್ರಯೋಗ ಒಳ್ಳೆಯದೇ, ಭಾರವಿಲ್ಲದ ಕಡೆ ಬೀಜ ಹೇಗೆ ವರ್ತಿಸುತ್ತದೆ ಎಂಬುದು ತಿಳಿಯಬೇಕಾದ ಸಂಗತಿ.

ಆದರೆ ಅದಕ್ಕೂ ಆರು ತಿಂಗಳ ಹಿಂದೆ, 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರಲ್ಲಿ ನಡೆದದ್ದನ್ನು ನೆನೆಯಿರಿ. ಉಪಗ್ರಹಗಳನ್ನು ಬಿಟ್ಟ ಮೇಲೆ ರಾಕೆಟ್ಟಿನ ನಾಲ್ಕನೇ ಹಂತ ಕಸವಾಗಿ ಸುತ್ತುತ್ತಿರುತ್ತದೆ. ಇಸ್ರೊ ಅದನ್ನೇ ಪ್ರಯೋಗಶಾಲೆ ಮಾಡಿಕೊಂಡಿತು. ಮುಚ್ಚಿದ ಪೆಟ್ಟಿಗೆಯೊಂದರಲ್ಲಿ ಎಂಟು ಅಲಸಂದೆ ಕಾಳುಗಳು. ಕ್ಯಾಮೆರಾ, ಉಷ್ಣತೆ ಕಾಯುವ ವ್ಯವಸ್ಥೆ, ತೇವಾಂಶ ಅಳೆಯುವ ಸಾಧನ, ಅಷ್ಟೇ. ನಾಲ್ಕು ದಿನದಲ್ಲಿ ಕಾಳು ಮೊಳೆಯಿತು, ಆಮೇಲೆ ಎಲೆಯೂ ಬಿಟ್ಟಿತು. ನೀರು ಹಾಕಲು ಅಲ್ಲಿ ಯಾರೂ ಇರಲಿಲ್ಲ. 2019ರಲ್ಲಿ ಚೀನಾದ ಚಾಂಗ್’ಇ-4 ನೌಕೆ ಚಂದ್ರನ ಮೇಲೆ ಹತ್ತಿಬೀಜ ಮೊಳಕೆ ಬರಿಸಿದ್ದೂ ಹೀಗೆ, ಪೆಟ್ಟಿಗೆಯೊಳಗೇ. ಶುಕ್ಲಾ ಹೋದದ್ದು ಕಾಳು ಮೊಳಕೆ ಬರಿಸಲಿಕ್ಕೆ ಮಾತ್ರವಲ್ಲ, ಗಗನಯಾನಕ್ಕೆ ಅನುಭವ ಗಳಿಸಲಿಕ್ಕೆ ಎಂದು ಇಸ್ರೊ ಹೇಳಬಹುದು. ಸರಿ. ಹಾಗಾದರೆ ಮನುಷ್ಯಯಾನಕ್ಕೆ ಕಾರಣ ಇನ್ನೊಂದು ಮನುಷ್ಯಯಾನ ಎಂದಾಯಿತು. ವಿಜ್ಞಾನದ ಹೆಸರನ್ನು ನಡುವೆ ತರುವುದು ಬೇಡ.

ಇಷ್ಟು ಖರ್ಚಾಗುವುದು ಯಾಕೆ ಎಂಬುದು ಗುಟ್ಟೇನಲ್ಲ. ಯಂತ್ರಕ್ಕೆ ಉಸಿರು ಬೇಡ. ಮನುಷ್ಯ ಹತ್ತಿದ ಕೂಡಲೇ ಆಮ್ಲಜನಕ ಬೇಕು, ಇಂಗಾಲದ ಡೈಆಕ್ಸೈಡನ್ನು ಹೀರಿ ತೆಗೆಯಬೇಕು, ನೀರು, ಊಟ, ಶೌಚ ಎಲ್ಲಕ್ಕೂ ವ್ಯವಸ್ಥೆ ಬೇಕು. ರಾಕೆಟ್ ಕೈಕೊಟ್ಟರೆ ಕ್ಷಣದಲ್ಲಿ ಕಿತ್ತುಕೊಂಡು ಹಾರುವ ಪಾರುಗಾಣಿಕೆಯ ವ್ಯವಸ್ಥೆ ಬೇಕು. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಪರೀಕ್ಷಿಸಿದ್ದು ಅದನ್ನೇ. ಬಿಸಿ ತಡೆಯುವ ಕವಚ, ಪ್ಯಾರಾಚೂಟುಗಳು, ಸಮುದ್ರದಲ್ಲಿ ಕಾದು ನಿಂತ ನೌಕಾಪಡೆಯ ಹಡಗುಗಳು ಬೇರೆ. ಮೂಗಿಗಿಂತ ಮೂಗುತಿಯೇ ಭಾರ. ಖರ್ಚಿನ ಬಹುಪಾಲು ಮನುಷ್ಯನನ್ನು ಜೀವಂತ ಇಡುವುದಕ್ಕೇ ಹೋಗುತ್ತದೆ, ಅವನು ಅಲ್ಲಿ ಮಾಡುವ ಕೆಲಸಕ್ಕಲ್ಲ.

ಮನುಷ್ಯಯಾನದ ಪರ ಇರುವ ಗಟ್ಟಿ ವಾದ ಹಬಲ್ ದೂರದರ್ಶಕದ್ದು. 1990ರಲ್ಲಿ ದೋಷವಿದ್ದ ಕನ್ನಡಿಯೊಂದಿಗೆ ಹಾರಿದ ಅದನ್ನು 1993ರಲ್ಲಿ ಗಗನಯಾತ್ರಿಗಳೇ ಹೋಗಿ ಸರಿಮಾಡಿದರು. ಮುಂದೆ ಇನ್ನೂ ನಾಲ್ಕು ಸಲ ದುರಸ್ತಿ ನಡೆಯಿತು. ಒಪ್ಪಬೇಕಾದ ಮಾತೇ. ಆದರೆ ಹಬಲ್‌ನ ಉತ್ತರಾಧಿಕಾರಿಯನ್ನು ನಾಸಾ ಇಟ್ಟದ್ದೆಲ್ಲಿ? ಜೇಮ್ಸ್ ವೆಬ್ ಇರುವುದು 15 ಲಕ್ಷ ಕಿಲೊಮೀಟರ್ ದೂರದಲ್ಲಿ, ಯಾವ ಗಗನಯಾತ್ರಿಯ ಕೈಗೂ ಎಟುಕದ ಕಡೆ. ನಮ್ಮ ಆದಿತ್ಯ-ಎಲ್1 ಸೂರ್ಯನನ್ನು ನೋಡುತ್ತಿರುವುದೂ ಅಷ್ಟೇ ದೂರದಿಂದ. ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ಹಬಲ್ ದುರಸ್ತಿಗೆ ಹೋಗುತ್ತಿದ್ದ ಶಟಲ್‌ಗಳೂ 135 ಯಾನಗಳಲ್ಲಿ ಎರಡು ಸಲ ನಾಶವಾದವು. ಕಲ್ಪನಾ ಚಾವ್ಲಾ ಸೇರಿ 14 ಮಂದಿ ಸತ್ತರು. 2003ರ ಕೊಲಂಬಿಯಾ ದುರಂತದ ನಂತರ ಎರಡು ವರ್ಷಕ್ಕೂ ಹೆಚ್ಚು ಕಾಲ ಯಾವ ಶಟಲ್ಲೂ ಹಾರಲಿಲ್ಲ. 2025ರ ಮೇ ತಿಂಗಳಲ್ಲಿ ಪಿಎಸ್‌ಎಲ್‌ವಿ-ಸಿ61 ವಿಫಲವಾಗಿ ಒಂದು ಉಪಗ್ರಹ ಹೋಯಿತು, ಇನ್ನೊಂದನ್ನು ಕಟ್ಟಬಹುದು. ಗಗನಯಾನದಲ್ಲಿ ಅಂಥದ್ದೇನಾದರೂ ನಡೆದರೆ ಇಡೀ ಇಸ್ರೊ ವರ್ಷಗಟ್ಟಲೆ ಮುದುಡಿ ಕೂರುತ್ತದೆ.

ಮಕ್ಕಳಿಗೆ ಸ್ಫೂರ್ತಿ ಬೇಕಲ್ಲವೇ ಎನ್ನುತ್ತಾರೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲಿಳಿದಾಗ ಯೂಟ್ಯೂಬ್‌ನಲ್ಲಿ ಏಕಕಾಲಕ್ಕೆ 80 ಲಕ್ಷ ಮಂದಿ ಇಸ್ರೊದ ನೇರಪ್ರಸಾರ ನೋಡುತ್ತಿದ್ದರು. ಪಟಾಕಿ ಹೊಡೆದರು, ಸಿಹಿ ಹಂಚಿದರು. ನೌಕೆಯೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ, ಆ ಕೊರತೆ ಯಾರಿಗೂ ಕಾಣಲೂ ಇಲ್ಲ. ಖರ್ಚಾದದ್ದು ಸುಮಾರು 615 ಕೋಟಿ.

ಇತ್ತ ಸೊರಗುತ್ತಿರುವುದೇನು? ನಮ್ಮದೇ ಪಥದರ್ಶಕ ವ್ಯವಸ್ಥೆ ನಾವಿಕ್‌ಗಾಗಿ 11 ಉಪಗ್ರಹಗಳನ್ನು ಹಾರಿಸಿದ್ದೇವೆ. ಕೆಲವುದರ ಪರಮಾಣು ಗಡಿಯಾರ ಕೆಟ್ಟಿತು; 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಸರಿಯಾದ ಕಕ್ಷೆಯನ್ನೇ ಸೇರಲಿಲ್ಲ. 2025ರ ನಡುವಿಗೆ ಸ್ಥಾನ ತೋರಿಸುವ ಕೆಲಸಕ್ಕೆ ಉಳಿದದ್ದು ನಾಲ್ಕೇ. ಸ್ಥಾನ ಗೊತ್ತುಮಾಡಲು ಬೇಕಾದ ಕನಿಷ್ಠ ಸಂಖ್ಯೆಯೂ ಅಷ್ಟೇ. 2015ರಲ್ಲಿ ಐದು ವರ್ಷದ ಆಯುಷ್ಯಕ್ಕೆಂದು ಹಾರಿದ ಆಸ್ಟ್ರೊಸ್ಯಾಟ್‌ಗೆ ಸರಿಸಮನಾದ ಉತ್ತರಾಧಿಕಾರಿ ಬಂದಿಲ್ಲ. 2014ರಲ್ಲಿ ಮಂಗಳನ ಕಕ್ಷೆ ಸೇರಿದ ಮೇಲೆ ನಾವು ಮತ್ತೆ ಅತ್ತ ಹೋಗಿಲ್ಲ. ಮಲ್ಪೆ, ಮಂಗಳೂರಿನ ಬೋಟಿನವರಿಗೆ ಮೀನು ಎಲ್ಲಿದೆ ಎಂದು ಸೂಚನೆ ಬರುವುದು ಓಷನ್‌ಸ್ಯಾಟ್‌ನಂಥ ಉಪಗ್ರಹಗಳ ದತ್ತಾಂಶದಿಂದ. ಇಂಥವಕ್ಕೆ ಮೆರವಣಿಗೆಯಿಲ್ಲ, ಸನ್ಮಾನವಿಲ್ಲ.

ವಿಕ್ರಂ ಸಾರಾಭಾಯಿ ಅವರ ಒಂದು ಮಾತನ್ನು ನಮ್ಮ ನಾಯಕರು ಹೋದಲ್ಲೆಲ್ಲ ಉದ್ಧರಿಸುತ್ತಾರೆ: ತಂತ್ರಜ್ಞಾನವನ್ನು ಜನರ ಸಮಸ್ಯೆಗೆ ಬಳಸುವುದರಲ್ಲಿ ನಾವು ಯಾರಿಗೂ ಕಡಿಮೆಯಿರಬಾರದು ಎಂಬ ಭಾಗವನ್ನು. ಅದರ ಮೊದಲರ್ಧವನ್ನು ನುಂಗಿಬಿಡುತ್ತಾರೆ. ಚಂದ್ರ, ಗ್ರಹಗಳ ಅನ್ವೇಷಣೆಯಲ್ಲಾಗಲಿ ಮನುಷ್ಯಯಾನದಲ್ಲಾಗಲಿ ಸಿರಿವಂತ ದೇಶಗಳೊಡನೆ ಪೈಪೋಟಿಗಿಳಿಯುವ ಭ್ರಮೆ ನಮಗಿಲ್ಲ ಎಂದು ಅವರು ಅಲ್ಲಿ ಹೇಳಿದ್ದರು. ಚಂದ್ರನ ವಿಷಯದಲ್ಲಿ ಕಾಲ ಬದಲಾಗಿದೆ, ಕಡಿಮೆ ಖರ್ಚಿನಲ್ಲಿ ವಿಜ್ಞಾನ ಸಾಧ್ಯ ಎಂದು ನಾವೇ ತೋರಿಸಿದ್ದೇವೆ. ಮನುಷ್ಯಯಾನದ ವಿಷಯದಲ್ಲಿ ಅವರ ಎಚ್ಚರಿಕೆ ಹಾಗೇ ನಿಂತಿದೆ. ಅವರ ಕನಸು ಯಾವ ಬಗೆಯದು ಎಂಬುದನ್ನು ರಾಯಚೂರು, ವಿಜಯಪುರ, ಕಲಬುರಗಿಯ ಹಿರಿಯರು ಹೇಳಬಲ್ಲರು. 1975-76ರಲ್ಲಿ ದೇಶದ 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬಂದಾಗ ಆ ಜಿಲ್ಲೆಗಳ ಊರುಗಳೂ ಅದರಲ್ಲಿದ್ದವು.

ಗಗನಯಾನವನ್ನು ಈಗ ಅರ್ಧಕ್ಕೆ ಬಿಡಿ ಎಂದು ನಾನು ಹೇಳುವುದಿಲ್ಲ. ರಾಕೆಟ್ಟನ್ನು ಮನುಷ್ಯಯಾನಕ್ಕೆ ಹದಗೊಳಿಸಿದ್ದಾಗಿದೆ, ನಾಲ್ವರು ತರಬೇತಿ ಪಡೆದಿದ್ದಾರೆ. ಮೊದಲ ಯಾನ ಸುರಕ್ಷಿತವಾಗಿ ಮುಗಿಯಲಿ. ನಿಲ್ಲಬೇಕಾದದ್ದು ಅಲ್ಲಿ. 2035ಕ್ಕೆ ಭಾರತೀಯ ಅಂತರಿಕ್ಷ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಎಂದು ಗುರಿ ಘೋಷಿಸಿಯಾಗಿದೆ. ನಿಲ್ದಾಣದ ಐದು ಘಟಕಗಳಲ್ಲಿ ಸಂಪುಟ ಹಣ ಮಂಜೂರು ಮಾಡಿರುವುದು ಮೊದಲನೆಯದಕ್ಕೆ ಮಾತ್ರ. ಅದೊಂದು ಮೇಲೇರಿದರೆ, ಉಳಿದ ನಾಲ್ಕು ಬೇಡ ಎನ್ನುವ ಧೈರ್ಯ ಯಾವ ಸರ್ಕಾರಕ್ಕೂ ಬರುವುದಿಲ್ಲ; ಆಮೇಲೆ ಅದನ್ನು ನಡೆಸುವ ಖರ್ಚು ವರ್ಷ ವರ್ಷವೂ ಉಪಗ್ರಹಗಳ ಪಾಲಿನಿಂದಲೇ ಹೋಗುತ್ತದೆ. ಆದ್ದರಿಂದ ಮೊದಲ ಘಟಕ ಹಾರುವ ಮೊದಲೇ ಐದೂ ಘಟಕಗಳ ಪೂರ್ತಿ ವೆಚ್ಚವನ್ನು, ಅಲ್ಲಿ ಮನುಷ್ಯನೇ ಮಾಡಬೇಕಾದ ಪ್ರಯೋಗಗಳ ಪಟ್ಟಿಯನ್ನು ಸಂಸತ್ತಿನ ಮುಂದಿಡಲಿ. ಆ ಪಟ್ಟಿಯಲ್ಲಿ ಪೆಟ್ಟಿಗೆಯೊಂದು ಮಾಡಬಹುದಾದ ಕೆಲಸಗಳನ್ನು ಹೊಡೆದುಹಾಕಿ ಉಳಿದದ್ದೆಷ್ಟು ಎಂದು ಸದಸ್ಯರು ಎಣಿಸಲಿ. ಹಣ ಕೊಡುವ ಮಾತು ಅದಾದ ಮೇಲೆ.