ಚೀಟಿಯ ಹಣ ಮತ್ತು ಸಮಾಜದ ಹೊಣೆ

ಹೈದರಾಬಾದಿನ ಹೋಟೆಲುಗಳಲ್ಲಿ ದುಡಿಯುವ ನಮ್ಮವರು ಊರಿಗೆ ಕಳುಹಿಸಿ ಉಳಿದ ಹಣವನ್ನು ಎಲ್ಲಿಡುತ್ತಾರೆ? ಅನೇಕರಿಗೆ ತೋರುವುದು ಎರಡೇ ದಾರಿ: ಮಾಲೀಕರ ಗಲ್ಲಾ, ಇಲ್ಲವೆ ಪರಿಚಿತರು ನಡೆಸುವ ಚೀಟಿ. ಬ್ಯಾಂಕಿನಲ್ಲಿ ಖಾತೆಯಿರುವ ಗುಮಾಸ್ತರೂ ಮಗಳ ಮದುವೆ ಬಂದಾಗ ಚೀಟಿಯನ್ನೇ ನೆಚ್ಚುವುದುಂಟು. ಇದನ್ನು ಅವಿವೇಕವೆಂದು ಜರೆಯುವುದು ಸುಲಭ. ಆದರೆ ಬ್ಯಾಂಕು ಸಾಲಕ್ಕೆ ಆಧಾರ ಕೇಳುತ್ತದೆ. ಹೋಟೆಲಿನ ಮೇಲಣ ಕೋಣೆಯಲ್ಲಿ ಚಾಪೆ ಹಾಸಿ ಮಲಗುವವನ ಬಳಿ ಯಾವ ಆಧಾರವಿದೆ? ನಾಲ್ಕು ಮಂದಿ ತನ್ನನ್ನು ಬಲ್ಲರೆಂಬುದೊಂದೇ ಅವನ ಆಸ್ತಿ.

ಇಂತಹ ಪರಿಚಯದ ಬಲದ ಮೇಲೆಯೇ ಒಂದು ದ್ವೀಪವು ತನ್ನ ಸಾಲಸಂಸ್ಥೆಗಳನ್ನು ಕಟ್ಟಿಕೊಂಡಿದೆ. ಇಂಡೋನೇಷ್ಯದ ಬಾಲಿಯಲ್ಲಿ ಸಂಪ್ರದಾಯದ ಗ್ರಾಮಸಮಾಜಗಳುಂಟು. ದೇವಾಲಯದ ಉತ್ಸವ, ಶವಸಂಸ್ಕಾರಗಳೆಲ್ಲ ಅವುಗಳ ಹೊಣೆ. 1984ರಲ್ಲಿ, ಇದಾ ಬಾಗುಸ್ ಮಂತ್ರರು ಗವರ್ನರರಾಗಿದ್ದಾಗ, ಈ ಗ್ರಾಮಗಳಿಗೇ ಸಾಲಸಂಸ್ಥೆ ನಡೆಸುವ ಅಧಿಕಾರ ದೊರೆಯಿತು. ಈಗ ಅಂತಹವು 1,400ಕ್ಕೂ ಮಿಕ್ಕಿವೆ. ಅವುಗಳ ಒಡೆಯರು ಷೇರುದಾರರಲ್ಲ, ಊರೇ ಒಡೆಯ. ಲಾಭದಲ್ಲಿ ಶೇಕಡಾ 20 ಗ್ರಾಮದ ಅಭಿವೃದ್ಧಿಗೂ ಶೇಕಡಾ 5 ಸಮಾಜಕಾರ್ಯಕ್ಕೂ ಸಲ್ಲಬೇಕೆಂಬುದು ಅಲ್ಲಿಯ ನಿಯಮ. ದೇವರೊಡನೆ, ನೆರೆಯವರೊಡನೆ, ನಿಸರ್ಗದೊಡನೆ ಹೊಂದಿಕೊಂಡು ಬಾಳುವುದನ್ನು ಅವರು ‘ತ್ರಿ ಹಿತ ಕರಣ’ ಎನ್ನುತ್ತಾರೆ. ಕನ್ನಡಿಗನಿಗೆ ಈ ಪದಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ ತೀರಿಸದವನು ಊರಿನ ಸಭೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಆ ಲಜ್ಜೆಯೇ ಅಲ್ಲಿ ದೊಡ್ಡ ಜಾಮೀನು.

ಆದರೂ ಅಲ್ಲಿ ಮೋಸವಿಲ್ಲವೆಂದು ಭಾವಿಸಬಾರದು. ಹಲವು ಸಂಸ್ಥೆಗಳ ವ್ಯವಸ್ಥಾಪಕರು ಊರಿನ ಹಣ ನುಂಗಿ ಸೆರೆಮನೆ ಸೇರಿದ್ದಾರೆ. ಲಜ್ಜೆಯು ಸಾಲಗಾರನನ್ನು ಕಾಯುತ್ತದೆ ನಿಜ; ಲೆಕ್ಕವಿಡುವವನಿಗೆ ಮಾತ್ರ ಅದೇ ಲಜ್ಜೆ ಮರೆಯಾಗಿ ಒದಗುತ್ತದೆ. ಈ ಸಂಗತಿ ನಮಗೆ ತೀರ ಹತ್ತಿರದ್ದು. ‘ಅವರು ನಮ್ಮೂರ ಕಡೆಯವರು, ರಸೀದಿ ಕೇಳುವುದೆಂತು?’ ಎಂದು ಸುಮ್ಮನಿರುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಸಹಕಾರಿ ಎಂಬ ಹೆಸರೊಂದೇ ಸಾಲದೆಂಬುದನ್ನಂತೂ 2001ರಲ್ಲಿ ಇದೇ ನಗರದ ಕೃಷಿ ಸಹಕಾರಿ ನಗರ ಬ್ಯಾಂಕು ಕುಸಿದಾಗ ಠೇವಣಿದಾರರು ಕಂಡುಂಡರು.

ಈ ಪಾಠಕ್ಕಾಗಿ ಬಾಲಿಯವರೆಗೆ ಹೋಗಲೇಬೇಕೆಂದೂ ಇಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು; 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 1928ರಲ್ಲಿ ಅದು ತೊಡಗಿದ ಪಿಗ್ಮಿ ಠೇವಣಿಯನ್ನು ನಮ್ಮವರಿಗೆ ಪರಿಚಯಿಸಬೇಕೆ? ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲಿಯೇ ಪಡೆಯುತ್ತಿದ್ದರು. ಬಡವನ ಎರಡಾಣೆಗೂ ಲೆಕ್ಕವಿತ್ತು; ಅದರ ಹಿರಿಮೆ ಅಲ್ಲಿದೆ.

ಮಾಲೀಕರ ಗಲ್ಲಾದಲ್ಲಿ ಸಂಬಳ ಬಿಡುವ ಪದ್ಧತಿಯ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಬಹಳ ಮಾಲೀಕರು ಅದನ್ನು ಪ್ರಾಮಾಣಿಕವಾಗಿಯೇ ಕಾಯುವರು. ಆದರೆ ಬಡ್ಡಿಯಿಲ್ಲದ ಆ ಹಣ ಅವರಿಗೆ ಬಂಡವಾಳ. ಸಪ್ಲೈಯರಿಗೆ ಕಾಲಿನ ಸರಪಳಿ. ಬೇರೆಡೆ ಹೆಚ್ಚಿನ ಸಂಬಳ ದೊರೆತರೂ ಬಾಕಿ ಕೈಸೇರುವ ತನಕ ಅವನು ಹೊರಡಲಾರ.

ನೃಪತುಂಗ ಶಾಲೆಯನ್ನೂ ಕರ್ನಾಟಕ ಸಾಹಿತ್ಯ ಮಂದಿರವನ್ನೂ ಕಟ್ಟಿಕೊಂಡ ಇಲ್ಲಿಯ ಕನ್ನಡ ಸಮಾಜಕ್ಕೆ ಒಂದು ಉಳಿತಾಯ ಸಂಘ ಭಾರವಾಗದು. ಸರ್ಕಾರದ ಷೇರಿಲ್ಲದೆ ಸದಸ್ಯರ ಹಣದಿಂದಲೇ ನಡೆಯುವ ಸಂಘಗಳಿಗೆ 1995ರ ಪರಸ್ಪರ ಸಹಾಯ ಸಹಕಾರ ಸಂಘಗಳ ಕಾಯಿದೆಯಲ್ಲಿ ಎಡೆಯಿದೆ. ಚೀಟಿಯೇ ಬೇಕೆನ್ನುವವರು 1982ರ ಕಾಯಿದೆಯಂತೆ ನೋಂದಾಯಿತವಾದುದನ್ನಷ್ಟೇ ಸೇರಲಿ; ಅಲ್ಲಿ ನಡೆಸುವವನ ಕಮಿಷನ್ನಿಗೆ ಶೇಕಡಾ 7ರ ಮಿತಿಯುಂಟು. ಸಂಘದ ಲಾಭದಲ್ಲಿ ಒಂದು ಪಾಲು, ಕಾಯಿಲೆ ಬಿದ್ದ ಹುಡುಗನ ಆಸ್ಪತ್ರೆಯ ಖರ್ಚಿಗೆ, ತೀರಿಕೊಂಡವನ ದೇಹವನ್ನು ಊರಿಗೆ ಒಯ್ಯುವುದಕ್ಕೆ ಮೀಸಲಿರಲಿ. ಪ್ರತಿ ತಿಂಗಳೂ ಜಮಾ ಖರ್ಚನ್ನು ಕನ್ನಡದಲ್ಲಿ ಓದಿ ಹೇಳಲಿ. ಆ ಸಭೆಯನ್ನು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಮೂರೂವರೆಯ ಸುಮಾರಿಗೆ ಕರೆಯಬೇಕು. ಭಾನುವಾರ ಸಂಜೆಗಿಟ್ಟರೆ ಗುಮಾಸ್ತರು ಮಾತ್ರ ಬಂದಾರು.