ಆರು ವರ್ಷವೆಂದರೆ ಆರೇ ಸುಗ್ಗಿ

ಬ್ಯಾಡಗಿ ಸೀಮೆಯಲ್ಲಿ ಮೆಣಸಿನ ಗಿಡ ಮುಂಗಾರಿನಲ್ಲಿ ಹೊಲ ಸೇರುತ್ತದೆ. ಕಾಯಿ ಕೆಂಪಾಗಿ, ಒಣಗಿ, ಪೇಟೆಗೆ ಬರುವಷ್ಟರಲ್ಲಿ ಸಂಕ್ರಾಂತಿ ಹತ್ತಿರವಾಗಿರುತ್ತದೆ. ಈ ಕಾಯಿಯ ಬಣ್ಣದ ಮೇಲೆ ಪಿಎಚ್.ಡಿ. ಮಾಡಹೊರಟವರಿಗೆ ವರ್ಷಕ್ಕೆ ಸಿಗುವುದು ಒಂದೇ ಸುಗ್ಗಿ. ಕೊಯ್ಲಿನ ವಾರದಲ್ಲೇ ಮನೆಯ ಮಗುವಿಗೆ ಜ್ವರ ಬಂತೆನ್ನಿ. ಮಾದರಿ ತರಲಾಗದಿದ್ದರೆ ಮತ್ತೆ ಕಾಯಬೇಕಾದದ್ದು ಒಂದು ವಾರವಲ್ಲ, ಒಂದು ವರ್ಷ. ತಂದದ್ದನ್ನು ಆಮೇಲೆ ನೋಡೋಣವೆಂದು ಬಿಡುವಂತೆಯೂ ಇಲ್ಲ. ಕೆಂಪು ಬಣ್ಣ ಕೊಡುವ ಕ್ಯಾಪ್ಸಾಂಥಿನ್ ಬೆಳಕಿಗೆ, ಗಾಳಿಗೆ ಮಾಸುತ್ತದೆ. ವ್ಯಾಪಾರಸ್ಥರು ಕಾಯಿಯನ್ನು ಶೈತ್ಯಾಗಾರದಲ್ಲಿ ಇಡುವುದಕ್ಕೆ ಇದೂ ಒಂದು ಕಾರಣ.

ಪಿಎಚ್.ಡಿ. ಎಂದರೆ ರಾತ್ರಿ ದೀಪದ ಕೆಳಗೆ ಓದುವುದು ಎಂದೇ ಬಹಳ ಮನೆಗಳಲ್ಲಿ ತಿಳಿದಿದ್ದಾರೆ. ಓದನ್ನು ಹೇಗಾದರೂ ಹೊಂದಿಸಬಹುದು. ಮಗು ಮಲಗಿದ ಮೇಲೆ ಪುಸ್ತಕ ತೆರೆದರಾಯಿತು. ಪ್ರಯೋಗ ಹಾಗಲ್ಲ. ದೇವಿಹೊಸೂರಿನ ತೋಟದ ಗಿಡವಾಗಲಿ, ಹನುಮನಮಟ್ಟಿಯ ಹೊಲದ ಬೆಳೆಯಾಗಲಿ, ರಾಣೆಬೆನ್ನೂರು ಅಭಯಾರಣ್ಯದ ಕೃಷ್ಣಮೃಗವಾಗಲಿ ಸಂಶೋಧಕರ ಮನೆಯ ಅನುಕೂಲ ಕೇಳುವುದಿಲ್ಲ.

ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಧಾರವಾಡದಲ್ಲಿ ನೋಂದಣಿ ಮಾಡಿಸಿದ ತಾಯಿಯೊಬ್ಬಳ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಿಗ್ಗೆ ರೊಟ್ಟಿ, ಬುತ್ತಿ, ಮಗನ ಸಾಲಿಯ ಚೀಲ. ಆಮೇಲೆ ತರಗತಿ, ಪ್ರಾಯೋಗಿಕ, ಆಂತರಿಕ ಅಂಕಗಳ ಪಟ್ಟಿ. ನ್ಯಾಕ್ ಸಮಿತಿ ಬರುವ ವರ್ಷವಾದರೆ ಕಡತಗಳ ರಾಶಿ ಬೇರೆ. ಮಾರ್ಗದರ್ಶಕರನ್ನು ಕಾಣಬೇಕೆಂದರೆ ಹುಬ್ಬಳ್ಳಿ ದಾಟಿ ಸುಮಾರು 100 ಕಿ.ಮೀ. ಪ್ರಯಾಣ. ರಾಣೆಬೆನ್ನೂರಿನವರಿಗೆ ಇನ್ನೂ ಮೂವತ್ತು ಚಿಲ್ಲರೆ ಹೆಚ್ಚು. ಬೇಡವೆಂದು ಬಿಡೋಣವೆಂದರೆ? 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಸಾಕು. ಪ್ರಾಧ್ಯಾಪಕ ಹುದ್ದೆಯವರೆಗೆ ಏರಬೇಕಾದರೆ ಅದು ಬೇಕೇ ಬೇಕು.

ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ ಕೊಡುತ್ತದೆ. ಮರುನೋಂದಣಿ ಸಿಕ್ಕರೆ ಇನ್ನೆರಡು ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು. ಒಟ್ಟು 10 ಮೀರುವಂತಿಲ್ಲ. ಹೆರಿಗೆ ಹಾಗೂ ಶಿಶುಪಾಲನೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆಯುಂಟು. ಒಳ್ಳೆಯದೇ. ಆದರೆ ಈ ರಜೆ ಸಂಶೋಧನೆ ಮಾಡುವ ಮಹಿಳೆಗೆ ಮಾತ್ರ. ಸಂಶೋಧನೆ ಮಾಡುವ ಅಪ್ಪ ಕೂಸನ್ನು ಎತ್ತಿಕೊಳ್ಳಬಹುದು ಎಂಬ ಯೋಚನೆ ನಿಯಮ ಬರೆದವರಿಗೂ ಬಂದಂತಿಲ್ಲ. 240 ದಿನವೆಂದರೆ ಎಂಟು ತಿಂಗಳು, ಅಂದರೆ ಒಂದು ಸುಗ್ಗಿ. ಮೊದಲ ವರ್ಷದ ಬಹುಪಾಲನ್ನು ಕೋರ್ಸ್‌ವರ್ಕ್ ನುಂಗುತ್ತದೆ. ಉಳಿಯುವ ಸುಗ್ಗಿಗಳನ್ನು ಬೆರಳಲ್ಲೇ ಎಣಿಸಬಹುದು.

ಮೇರಿ ಕ್ಯೂರಿಯ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ರೇಡಿಯಂ, ಎರಡು ನೊಬೆಲ್, ಸೋರುವ ಕೊಟ್ಟಿಗೆಯಂಥ ಪ್ರಯೋಗಾಲಯ. ಆ ಮನೆಯ ಇನ್ನೊಬ್ಬರ ಹೆಸರು ಪಠ್ಯದಲ್ಲಿ ಬರುವುದೇ ಅಪರೂಪ. 1897ರ ಸೆಪ್ಟೆಂಬರಿನಲ್ಲಿ ಮಗಳು ಐರಿನ್ ಹುಟ್ಟಿದಳು. ಅದೇ ವರ್ಷದ ಕೊನೆಗೆ ಮೇರಿ ಡಾಕ್ಟರೇಟ್ ಪ್ರಯೋಗ ಆರಂಭಿಸಿದರು. ಕೂಸನ್ನು ನೋಡಿಕೊಂಡವರು ಮಾವ ಯೂಜೀನ್ ಕ್ಯೂರಿ. ಸ್ವತಃ ವೈದ್ಯರು, ಆಗಷ್ಟೇ ಹೆಂಡತಿಯನ್ನು ಕಳೆದುಕೊಂಡವರು. ಮೇರಿ 1900ರಿಂದ ಸೆವ್ರ್ ಎಂಬಲ್ಲಿ ಹೆಣ್ಣುಮಕ್ಕಳಿಗೆ ಭೌತಶಾಸ್ತ್ರವನ್ನೂ ಕಲಿಸುತ್ತಿದ್ದರು. ಮಗಳ ತೂಕ, ಮೂಡಿದ ಹಲ್ಲು ಎಲ್ಲವನ್ನೂ ಬರೆದಿಡುತ್ತಿದ್ದರು. ಪ್ರಬಂಧ ಮಂಡನೆಯಾದದ್ದು 1903ರ ಜೂನ್‌ನಲ್ಲಿ. ಆಗ ಐರಿನ್‌ಗೆ ಆರು ತುಂಬಲು ಕೆಲವೇ ತಿಂಗಳಿತ್ತು. ಅಜ್ಜ ಇಲ್ಲದಿದ್ದರೆ ರೇಡಿಯಂ ಸಿಗುತ್ತಿರಲಿಲ್ಲ ಎನ್ನುವುದು ಅತಿಯಾದೀತು. ತಡವಾಗಿ ಸಿಗುತ್ತಿತ್ತು ಎನ್ನಲು ಅಡ್ಡಿಯಿಲ್ಲ.

ನಮ್ಮ ನಾಡಿನಲ್ಲೇ ಕಮಲಾ ಹಂಪನಾ ಅವರಿದ್ದರು. 1959ರಿಂದ ಅಧ್ಯಾಪನ, ಮೂವರು ಮಕ್ಕಳ ಸಂಸಾರ, ಇದರ ನಡುವೆಯೇ ‘ತುರಂಗ ಭಾರತ’ ಕಾವ್ಯದ ಮೇಲೆ ಡಾಕ್ಟರೇಟ್. 2003ರಲ್ಲಿ ಮೂಡುಬಿದಿರೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು ಇವರೇ. ಪತಿ ಹಂಪ ನಾಗರಾಜಯ್ಯನವರೂ ಕನ್ನಡದ ವಿದ್ವಾಂಸರು. ಹಸ್ತಪ್ರತಿ ಓದುವುದೆಂದರೇನು ಎಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅದು ಸಣ್ಣ ಅನುಕೂಲವಲ್ಲ.

ಆದ್ದರಿಂದ ನೋಂದಣಿಯ ಅರ್ಜಿ ತುಂಬುವ ಮೊದಲು ಮನೆಯವರೆಲ್ಲ ಕೂತು ಮಾತಾಡುವುದು ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಕೂಸನ್ನು ಯಾರು ನೋಡುತ್ತಾರೆ? ಅಜ್ಜಿಯೇ? ಅವರ ಮೊಣಕಾಲು ತಡೆದೀತೇ? ಅಪ್ಪನ ರಜೆ ಎಷ್ಟು ಉಳಿದಿದೆ? ‘ಹೆಂಗೋ ಆಗ್ತದ’ ಎಂದು ಹೊರಟವರೇ ಮೂರನೆಯ ಸುಗ್ಗಿಗೆ ಕೈಚೆಲ್ಲುವುದು ಹೆಚ್ಚು.

‘ಅವ್ವಾ, ನಿನ್ನ ಸಾಲಿ ಯಾವಾಗ ಮುಗೀತದ?’ ಎಂದು ಕೇಳುವ ವಯಸ್ಸಿನ ಮಕ್ಕಳಿದ್ದರೆ ಒಮ್ಮೆ ಅವರನ್ನು ಹೊಲಕ್ಕೆ ಕರೆದೊಯ್ಯಬಹುದು. ಅಳತೆ ಅವ್ವನೇ ಮಾಡಲಿ; ತೂಕ ಓದಿ ಹೇಳುವುದು, ಗಿಡಕ್ಕೆ ಚೀಟಿ ಕಟ್ಟುವುದು ಎಂಟನೆಯ ತರಗತಿಯವರಿಗೆ ಕಷ್ಟವಲ್ಲ. ಕಾಯಿ ಮುಟ್ಟಿದ ಕೈ ಮಾತ್ರ ತೊಳೆಯಬೇಕು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎಂಬುದು ನಾಲಿಗೆಯ ಮಾತು, ಕಣ್ಣಿನದಲ್ಲ.