ಕಡಲ ದಂಡೆ ಯಾರದು?

ಯೂರೋಪಿನ ಕೆಲವು ಕಡಲ ತೀರಗಳಲ್ಲಿ ಹೆಂಗಸರು, ಗಂಡಸರು, ಮಕ್ಕಳು ಬಟ್ಟೆಯಿಲ್ಲದೆ ಮೀಯುತ್ತಾರೆ, ಬಿಸಿಲು ಕಾಯಿಸಿಕೊಳ್ಳುತ್ತಾರೆ ಎಂಬ ಸುದ್ದಿ ನಮ್ಮಲ್ಲಿಗೆ ಎರಡು ವೇಷದಲ್ಲಿ ಬರುತ್ತದೆ. ಒಂದು, ಲೋಕ ಕೆಟ್ಟುಹೋಯಿತೆಂಬ ಗೋಳು. ಇನ್ನೊಂದು, ಪ್ರವಾಸದ ಏಜೆಂಟರ ಬಣ್ಣದ ಜಾಹೀರಾತು. ಎರಡೂ ಒಂದು ಮಾತನ್ನು ಮುಚ್ಚಿಡುತ್ತವೆ. ಆ ದಂಡೆಗಾಗಿ ಹೋರಾಡಿದವರಲ್ಲಿ ಕಾರ್ಖಾನೆಯ ಕೂಲಿಕಾರರೂ ಇದ್ದರು. ಅವರು ಬಯಸಿದ್ದು ಚೆಲ್ಲಾಟವನ್ನಲ್ಲ, ಬಿಸಿಲನ್ನು. ನಮ್ಮ ಓದುಗರು ಈ ಸಂಗತಿಯನ್ನು ತಿಳಿದಿರಬೇಕು.

ಬಿಸಿಲಿಗೆ ಬರವಿಲ್ಲದ ನಮಗೆ ಇದು ವಿಚಿತ್ರವೆನಿಸೀತು. ಆದರೆ ಮೊದಲ ಮಹಾಯುದ್ಧ ಮುಗಿದಾಗಿನ ಬರ್ಲಿನ್ ನಗರವನ್ನು ನೆನೆಯಿರಿ. ಐದು ಅಂತಸ್ತಿನ ವಠಾರಗಳು. ಒಂದು ಅಂಗಳದ ಹಿಂದೆ ಇನ್ನೊಂದು ಅಂಗಳ. ಹಿಂಬದಿಯ ಕೋಣೆಗಳಲ್ಲಿ ಹಗಲಿನಲ್ಲೂ ಕತ್ತಲೆ. ದೊಡ್ಡವರಿಗೆ ಕ್ಷಯ, ಮಕ್ಕಳಿಗೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುವ ರಿಕೆಟ್ಸ್ ರೋಗ. 1919ರಲ್ಲಿ ಅದೇ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ನೇರಳಾತೀತ ಕಿರಣಗಳ ದೀಪದಿಂದ ಆ ರೋಗವನ್ನು ವಾಸಿಮಾಡಿ ತೋರಿಸಿದರು. ಅದೇ ಕಿರಣ ಸೂರ್ಯನಲ್ಲಿ ಪುಕ್ಕಟೆಯಾಗಿ ಸಿಗುತ್ತಿತ್ತು. ಅದಕ್ಕೆ ಅಡ್ಡವಾಗಿ ನಿಂತದ್ದು ವಠಾರದ ಮಾಲೀಕರ ಲಾಭದ ಗೋಡೆ.

ಅಂಥ ನಗರದಲ್ಲಿ ಅಡಾಲ್ಫ್ ಕೋಖ್ ಎಂಬ ಉಪಾಧ್ಯಾಯರಿದ್ದರು. 1920ರ ದಶಕದಲ್ಲಿ ಅವರು ಕೂಲಿಕಾರರ ಮಕ್ಕಳಿಗೆ ಬಟ್ಟೆಯಿಲ್ಲದೆ ಅಂಗಸಾಧನೆ ಕಲಿಸಹೊರಟಾಗ ಮರ್ಯಾದಸ್ಥರು ಗದ್ದಲವೆಬ್ಬಿಸಿದರು. ಅವರು ಸರಕಾರಿ ಶಾಲೆಯನ್ನು ಬಿಡಬೇಕಾಯಿತು. ಎದೆಗುಂದದೆ ತಮ್ಮದೇ ಶಾಲೆಗಳನ್ನು ತೆರೆದು ದುಡಿಯುವವರಿಗೆ ವ್ಯಾಯಾಮ, ಸ್ನಾನ, ದೇಹದ ಆರೋಗ್ಯ ಕಲಿಸಿದರು. ಸಮಾಜವಾದಿಗಳು ಅವರ ಬೆನ್ನಿಗಿದ್ದರು. 1933ರಲ್ಲಿ ಹಿಟ್ಲರ್ ಗದ್ದುಗೆಗೇರಿದ. ಮಾರ್ಚಿಯಲ್ಲಿ ಗೋರಿಂಗ್ ಈ ಚಳವಳಿಯ ವಿರುದ್ಧ ಆಜ್ಞೆ ಹೊರಡಿಸಿದ. ಕೋಖ್ ಅವರ ಶಾಲೆಗಳಿಗೆ ಬೀಗ ಬಿತ್ತು. ಇದು ಬತ್ತಲೆಯ ಮೇಲಿನ ರೋಷವಷ್ಟೇ ಎಂದು ನಾವು ನಂಬಲಾರೆವು. ತಮ್ಮ ಹಿಡಿತಕ್ಕೆ ಬಂದ ಸಂಘಗಳನ್ನು ನಾಜಿಗಳು ಮುಂದೆ ಸಹಿಸಿಕೊಂಡರು. 1942ರಲ್ಲಿ, ಬೇರೆಯವರ ಕಣ್ಣಿಗೆ ಬೀಳದ ಕಡೆ ಬತ್ತಲೆ ಸ್ನಾನಕ್ಕೆ ಅಪ್ಪಣೆಯನ್ನೂ ಕೊಟ್ಟರು. ಅವರು ಸಹಿಸದಿದ್ದದ್ದು ಕೂಲಿಕಾರನ ಸ್ವತಂತ್ರ ಸಂಘವನ್ನು.

ಜರ್ಮನಿಯ ಬಾಲ್ಟಿಕ್ ಕಡಲ ಗುಂಟ ಪಡುವಣದಿಂದ ಮೂಡಣಕ್ಕೆ ಹೋಗುವ ಪ್ರವಾಸಿಗೆ ಈ ಚರಿತ್ರೆ ಊರೂರಿನಲ್ಲೂ ಎದುರಾಗುತ್ತದೆ. ಲ್ಯೂಬೆಕ್ ನಗರಕ್ಕೆ ಸಮೀಪದ ಕ್ಲಿಂಗ್‌ಬೆರ್ಗ್‌ನಲ್ಲಿ ಪಾಲ್ ತ್ಸಿಮ್ಮರ್‌ಮಾನ್ 1903ರಲ್ಲಿ ತೆರೆದದ್ದು ಈ ಬಗೆಯ ವಿಹಾರಧಾಮಗಳಲ್ಲಿ ಬಹಳ ಹಳೆಯದು. ಹಣ ತೆತ್ತ ಅತಿಥಿಗಳಿಗೆ ಅಲ್ಲಿ ಗಾಳಿ, ಬಿಸಿಲು, ಏಕಾಂತ ದೊರಕುತ್ತಿದ್ದವು.

ಅಲ್ಲಿಂದ ಮುಂದೆ, 1990ರವರೆಗೆ ಪೂರ್ವ ಜರ್ಮನಿಯಾಗಿದ್ದ ಸೀಮೆ. ಅಲ್ಲಿನ ಕಮ್ಯೂನಿಸ್ಟ್ ಸರಕಾರ 1953ರಲ್ಲಿ ಕಡಲ ತೀರದ 400ಕ್ಕೂ ಹೆಚ್ಚು ಹೋಟೆಲು, ವಸತಿಗೃಹಗಳನ್ನು ವಶಪಡಿಸಿಕೊಂಡಿತು. ಅವುಗಳಲ್ಲಿ ಕಾರ್ಮಿಕ ಸಂಘದ ವಿಹಾರಗೃಹಗಳು ಎದ್ದವು. ಗಿರಣಿಯಾಳೂ ಅಗ್ಗದಲ್ಲಿ ಹೆಂಡತಿ ಮಕ್ಕಳೊಂದಿಗೆ ಕಡಲು ಕಂಡ. ಇದು ಸಣ್ಣ ಮಾತಲ್ಲ. ಆದರೆ ಹತ್ತು ಕೋಣೆ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದ ಸಣ್ಣ ಮಾಲೀಕನನ್ನು ಕಳ್ಳನಂತೆ ಜೈಲಿಗಟ್ಟಿದ್ದು ಸಮಾಜವಾದವೆಂದು ನಾವು ಒಪ್ಪುವುದಿಲ್ಲ.

ಇದೇ ಸರಕಾರ 1954ರಲ್ಲಿ ಬತ್ತಲೆ ಸ್ನಾನವನ್ನು ನಿಷೇಧಿಸಿತು. ಆರೆನ್ಸ್‌ಹೋಪ್ ಎಂಬ ಊರಿನಲ್ಲಿ ಮೀಯುತ್ತಿದ್ದ ಕಲಾವಿದರೂ, ಅವರ ಹಿಂದೆ ಸಾಮಾನ್ಯ ಜನರೂ ಸುಮ್ಮನಿರಲಿಲ್ಲ. ದೂರುಗಳ ಮೇಲೆ ದೂರು ಬರೆದರು. 1956ರಲ್ಲಿ ಸರಕಾರ ಮಣಿದು, ಗುರುತು ಹಾಕಿದ ಜಾಗಗಳಲ್ಲಿ ಅನುಮತಿ ಕೊಟ್ಟಿತು. ಪ್ರೇರೋ ಮುಂತಾದ ಕಡೆ ಮರಳ ದಿಬ್ಬಗಳ ನಡುವೆ ಡೇರೆ ಹೂಡಿ ಕುಟುಂಬಗಳು ಬೇಸಿಗೆ ಕಳೆದವು. ಅಧಿಕಾರಿಯೋ ಫಿಟ್ಟರನೋ, ಬಟ್ಟೆ ಕಳಚಿದ ಮೇಲೆ ಗುರುತೇ ಸಿಗುತ್ತಿರಲಿಲ್ಲ. ಆದರೂ ಅದೇ ದಂಡೆಯಲ್ಲಿ ಇರುಳು ಕಾವಲು ದೀಪಗಳು ತಿರುಗುತ್ತಿದ್ದವು. ಅಂಗಿ ಬಿಚ್ಚುವ ಸ್ವಾತಂತ್ರ್ಯ ಕೊಟ್ಟ ಸರಕಾರ ಕಡಲು ದಾಟುವ ಸ್ವಾತಂತ್ರ್ಯ ಕೊಡಲಿಲ್ಲ. ಸಾವಿರಾರು ಮಂದಿ ಆ ನೀರಿನ ದಾರಿಯಲ್ಲಿ ಪಾರಾಗಲು ಯತ್ನಿಸಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ರೊಟ್ಟಿಯ ಜೊತೆಗೆ ಸ್ವಾತಂತ್ರ್ಯವೂ ಬೇಕೆಂದು ಹೇಳುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೂ ಮೂಡಣಕ್ಕೆ ರ‍್ಯೂಗೆನ್ ದ್ವೀಪದಲ್ಲಿ ಪ್ರೋರಾ ಇದೆ. ನಾಜಿಗಳು 1936ರಲ್ಲಿ ಅಲ್ಲಿ 20,000 ಜನರಿಗೆಂದು, ದಂಡೆಯುದ್ದಕ್ಕೂ ಸುಮಾರು 4.5 ಕಿಲೋಮೀಟರು ಚಾಚಿದ ಕಟ್ಟಡ ಆರಂಭಿಸಿದರು. 1933ರ ಮೇ 2ರಂದು ಕಾರ್ಮಿಕ ಸಂಘಗಳಿಂದ ದೋಚಿದ ಹಣವೂ ಆ ಕಟ್ಟಡದ ಗೋಡೆಗಳಲ್ಲಿದೆ. 1939ರಲ್ಲಿ ಯುದ್ಧ ಬಂತು. ಯೋಜಿಸಿದ ರಜೆಗೆ ಒಬ್ಬ ಕೂಲಿಕಾರನೂ ಅಲ್ಲಿ ಇಳಿಯಲಿಲ್ಲ. ಈಗ ಒಂದು ಭಾಗದಲ್ಲಿ ಯುವಜನರ ವಸತಿಗೃಹವಿದೆ ನಿಜ. ಆದರೆ ಬಹುಭಾಗ ಖಾಸಗಿಯವರ ಪಾಲಾಗಿ, ಕಡಲು ಕಾಣುವ ದುಬಾರಿ ಮನೆಗಳಾಗಿ, ಹೋಟೆಲಾಗಿ ಮಾರಾಟವಾಗಿದೆ.

1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಈ ತೀರದಲ್ಲಿ ಹೊಸ ಹೋಟೆಲುಗಳು ಎದ್ದವು. ಬತ್ತಲೆ ಸ್ನಾನದ ಜಾಗಗಳು ಕಿರಿದಾದವು. ವಾರ್ನೆಮ್ಯೂಂಡೆ ದಂಡೆಯ ಒಡೆತನವಿರುವ ರಾಸ್ಟಾಕ್ ನಗರ, ಉಳಿದ ಜಾಗಗಳಿಗೆ ಬಟ್ಟೆ ತೊಟ್ಟು ಬಂದು ಕೂರುವವರನ್ನು ಎಬ್ಬಿಸಬಹುದೆಂದು 2024ರಲ್ಲಿ ನಿಯಮ ಮಾಡಬೇಕಾಯಿತು. ನೋಡುವುದಕ್ಕೆಂದೇ ಬರುವವರಿಂದ ಆ ಪದ್ಧತಿ ಉಳಿಯುವುದಿಲ್ಲ. ದಿಟ್ಟಿಸಬಾರದು, ಚಿತ್ರ ತೆಗೆಯಬಾರದು ಎಂಬ ಶಿಸ್ತಿನ ಮೇಲೆಯೇ ಅಲ್ಲಿ ಹೆಂಗಸೊಬ್ಬಳು ನಿರ್ಭಯವಾಗಿ ಮೀಯುತ್ತಾಳೆ.

ಈ ಚಳವಳಿಗೆ ನಮ್ಮ ದೇಶದಲ್ಲೂ ಒಂದು ಹಳೆಯ ಎಳೆಯುಂಟು. 1891ರಲ್ಲಿ ಮುಂಬಯಿ ಬಳಿಯ ಠಾಣೆಯಲ್ಲಿ ಚಾರ್ಲ್ಸ್ ಕ್ರಾಫರ್ಡ್ ಎಂಬ ಬ್ರಿಟಿಷ್ ಜಿಲ್ಲಾ ನ್ಯಾಯಾಧೀಶ ಬೆತ್ತಲೆಯ ಕೂಟವೊಂದನ್ನು ಕಟ್ಟಿದ. ಸದಸ್ಯರು ಮೂವರೇ. ಅವನ ಕಚೇರಿಯ ಹೊರಗೆ ತುಂಡು ಬಟ್ಟೆಯಲ್ಲಿ ಬಿಸಿಲಿಗೆ ಬೇಯುತ್ತಿದ್ದ ಕೂಲಿಗಳನ್ನು ಯಾರೂ ಸದಸ್ಯರೆಂದು ಎಣಿಸಲಿಲ್ಲ. ಇಚ್ಛೆಯಿಂದ ಕಳಚುವುದು ಬೇರೆ, ಇಲ್ಲದೆ ಬರಿಮೈಯಲ್ಲಿರುವುದು ಬೇರೆ. ಬಟ್ಟೆ ನೇಯುವ ಕೈಗಳಿಗೆ ಈ ಭೇದವನ್ನು ನಾವು ವಿವರಿಸಬೇಕಾಗಿಲ್ಲ.

ನಮ್ಮ ಜನರೂ ಹಾಗೆ ಬಟ್ಟೆ ಬಿಡಲೆಂದು ನಾವು ಹೇಳುತ್ತಿಲ್ಲ. ಅದು ಅವರವರ ಮನಸ್ಸಿಗೆ, ಮರ್ಯಾದೆಗೆ ಬಿಟ್ಟದ್ದು. ನಾವು ಕೇಳುವುದು ಇಷ್ಟೆ: ಬಿಸಿಲು, ಗಾಳಿ, ಕಡಲಿಗೆ ಬೇಲಿ ಹಾಕಿ ಮಾರುವ ಹಕ್ಕು ಯಾರಿಗೂ ಇರಬಾರದು. 1948ರ ಕಾರ್ಖಾನೆ ಕಾಯಿದೆ 20 ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ ಎಂದು ಬರೆಯಿತು. ರಜೆ ಸಿಕ್ಕಿದರೆ ಹೋಗುವುದೆಲ್ಲಿಗೆ? ಅಂಗಡಿ ಮುಚ್ಚಿದ ದಿನ ಒಲೆ ಉರಿಯದ ಸಣ್ಣ ವ್ಯಾಪಾರಿಗೆ ಆ ರಜೆಯೂ ಇಲ್ಲ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ತೀರದಲ್ಲಿ ಹೋಟೆಲುಗಳಿಗೆ ಪರವಾನಗಿ ಕೊಡುವಾಗ ದಂಡೆಗಿಳಿಯುವ ದಾರಿ ಸಾರ್ವಜನಿಕರಿಗೆ ಉಳಿಯಬೇಕು. ದುಡಿಯುವ ಕುಟುಂಬಗಳಿಗೆ ಕೈಗೆಟಕುವ ವಿಶ್ರಾಂತಿಗೃಹಗಳನ್ನು ಅಲ್ಲಿ ಕಟ್ಟಬೇಕು. ಕಾರ್ಮಿಕ ಸಂಘಗಳು ಮುಂದಿನ ಬೇಡಿಕೆಪಟ್ಟಿಯಲ್ಲಿ ಸಂಬಳದ ಕೆಳಗೆ ಈ ಎರಡು ಸಾಲುಗಳನ್ನೂ ಸೇರಿಸಲಿ.